ಅಜ್ಜನ ಕಾಲಿನ ತಂತಿ

ಸುಮಾತ್ರಾದ ಆ ಬೆಟ್ಟದೂರಿನಲ್ಲಿ ಹುಲಿಯನ್ನು ಯಾರೂ ಹುಲಿ ಎನ್ನುವುದಿಲ್ಲ, ಅಜ್ಜ ಎನ್ನುತ್ತಾರೆ. ಅಜ್ಜ ಸುಮ್ಮಸುಮ್ಮನೆ ಯಾರನ್ನೂ ಮುಟ್ಟುವುದಿಲ್ಲವಂತೆ. ಕದ್ದುಮುಚ್ಚಿ ತಪ್ಪು ಮಾಡಿದವನನ್ನೇ ಹುಡುಕಿಕೊಂಡು ಬರುತ್ತಾನಂತೆ. ಹಾಗಾಗಿ, ಕಾಡಂಚಿನಲ್ಲಿ ದಾಲ್ಚಿನ್ನಿ ಚಕ್ಕೆ ಸುಲಿಯಲು ಹೋಗಿ ಹುಲಿಯ ಬಾಯಿಗೆ ಸಿಕ್ಕ ಜುಲ್ಬಹ್ರಿ ಆಸ್ಪತ್ರೆ ಗಾಡಿಗೆ ಕಾಯುತ್ತಲೇ ಪ್ರಾಣ ಬಿಟ್ಟಾಗ ಊರಿನವರು ಅತ್ತರು, ಅತ್ತು ಮುಗಿಸಿ ಪಿಸುಗುಟ್ಟಿದರು: ಏನು ಮಾಡಿದ್ದನೋ ಪುಣ್ಯಾತ್ಮ. ಸತ್ತವನು ಎದ್ದು ಬಂದು ಜವಾಬು ಕೊಡುತ್ತಾನೆಯೇ?

ಅವನ ಹೆಂಡತಿ ಯುಸ್ನಿಯಾರಳಿಗೆ ಆ ಮಾತಿನಿಂದ ಬಿಡುಗಡೆಗೆ ಒಂದೇ ದಾರಿಯಿತ್ತು. ಈಗ ಊರಿನ ಬೋನಿಗೆ ಬಿದ್ದಿರುವ ಅಜ್ಜನನ್ನು ತಪ್ಪಿತಸ್ಥನೆಂದು ಕೊಂದರೆ ಗಂಡ ನಿರ್ದೋಷಿ. ಬದುಕಲು ಬಿಟ್ಟರೆ ಕಳಂಕ ಅವನ ಹೆಸರಿಗೆ, ಅವನ ಮಗಳ ತಲೆಗೆ. ತೀರ್ಮಾನ ಅವಳದೇ ಎಂದು ಊರು ಒಪ್ಪಿತ್ತು.

ಬೋನು ಹೂಡಿದವನು ಅವಳ ಸೋದರಮಾವ ಜಮರಿಸ್. ಬಿದ್ದದ್ದು ಹೆಣ್ಣು ಹುಲಿ, ಹೆಣ್ಣಾದರೂ ಅಜ್ಜನೇ. ಗಂಡಸರು ಈಟಿ ಹಿಡಿದು ನಿಂತಿರುವಾಗ ಅರಣ್ಯ ಇಲಾಖೆಯ ಗಾಡಿ ಬಂತು. ಪ್ರಾಣಿಗಳ ಡಾಕ್ಟರು ಎರ್ಲಿನಾ ಇಳಿದಳು.

"ಅಕ್ಕಾ, ಇಂಥವು ಇನ್ನು ಸ್ವಲ್ಪಾನೇ ಉಳಿದಿರೋದು."

"ನಂಗೆ ಗಂಡ ಅಂತ ಇದ್ದಿದ್ದು ಒಬ್ಬನೇ," ಎಂದಳು ಯುಸ್ನಿಯಾರ್. "ಅವನು ರಕ್ತ ಸುರಿಸ್ಕೊಂಡು ಬಿದ್ದಿದ್ದಾಗ ಒಂದು ಗಾಡಿ ಬರ್ಲಿಲ್ಲ. ಇದಕ್ಕೆ ಗಾಡಿ, ಡಾಕ್ಟ್ರು, ಔಷಧಿ ಎಲ್ಲಾ ಓಡ್ಕೊಂಡು ಬಂತು."

ಎರ್ಲಿನಾ ತಲೆ ತಗ್ಗಿಸಿದಳು. "ನೀವು ಹೇಳಿದ್ದು ನಿಜ, ಅಕ್ಕ. ಅದರ ಕಾಲು ನೋಡೋಕೆ ಬಿಡಿ, ಅಷ್ಟೇ ಕೇಳ್ತೀನಿ."

ಮತ್ತಿನ ಸೂಜಿ ಚುಚ್ಚಿ, ಹುಲಿ ಮಲಗಿದ ಮೇಲೆ ಮುಂಗಾಲನ್ನು ಮೇಲೆತ್ತಿ ತೋರಿಸಿದಳು. ಬೈಕಿನ ಬ್ರೇಕ್ ತಂತಿ ಮೂಳೆಯವರೆಗೂ ಇಳಿದು, ಅದರ ಮೇಲೆ ಮಾಂಸ ಬೆಳೆದಿತ್ತು.

"ಈ ಕಾಲಲ್ಲಿ ಜಿಂಕೆ ಹಿಡಿಯೋಕಾಗಲ್ಲ. ಹಸಿವು ಯಾರ ಮೇಲಾದ್ರೂ ಬೀಳ್ಸುತ್ತೆ."

ಈಟಿ ಹಿಡಿದಿದ್ದ ಪಕ್ಕದ ಮನೆಯ ಮರ್ಜೋಹಾನನ ಮುಖ ಪೆಚ್ಚಾಯಿತು. "ಹಂದಿ ಉರುಳು. ನಂದೇ ಇರ್ಬೋದು."

"ನಂದೂ ಇರ್ಬೋದು," ಅಂದ ಇನ್ನೊಬ್ಬ. ಹಿಂದಿನಿಂದ ಯಾರೋ, "ಜುಲ್ಬಹ್ರಿನೂ ಕಟ್ಟಿದ್ದ," ಅಂದರು.

"ಹೌದು, ಕಟ್ಟಿದ್ದ," ಎಂದಳು ಯುಸ್ನಿಯಾರ್. "ನೀವೆಲ್ಲ ಸೇರ್ಕೊಂಡೇ ಕಟ್ಟಿದ್ರಿ. ಹಂದಿಯಿಂದ ಉಳಿಸಿದ ಭತ್ತದ ಅನ್ನ ನಾವೆಲ್ಲ ಉಂಡ್ವಿ. ತಪ್ಪು ಅವನೊಬ್ಬಂದೇ ಹೆಂಗಾಯ್ತು?"

ಪಕ್ಕೆಲುಬು ಎದ್ದ ಆ ಪ್ರಾಣಿಯನ್ನು ನೋಡಿ ಅವಳಿಗೆ ಕನಿಕರ ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಡನನ್ನು ಕೊಂದ ಪ್ರಾಣಿಗೆ ಮರುಗುವುದೇ? ಆದರೂ ಕೊಲ್ಲಿ ಎನ್ನಲು ನಾಲಿಗೆ ಏಳಲಿಲ್ಲ.

"ಒಯ್ಯಲಿ ಬಿಡಿ. ನಾಳೆ ಎಲ್ರೂ ಹೋಗಿ ಉರುಳು ಬಿಚ್ಕೊಂಡು ಬರ್ಬೇಕು. ಡಾಕ್ಟ್ರೇ, ಇನ್ಮೇಲೆ ನಮ್ಮೋರಿಗೆ ಏನಾದ್ರೂ ಆದ್ರೆ ಈ ಗಾಡಿ ಬರ್ಬೇಕು."

"ನಾನೇ ಓಡಿಸ್ಕೊಂಡು ಬರ್ತೀನಿ, ಅಕ್ಕ."

ಅಜ್ಜನನ್ನು ಬೀಳ್ಕೊಡುವಾಗ ಬೋನು ಹೂಡಿದವನು ಊರಿನ ಪರವಾಗಿ ಅವನ ಕ್ಷಮೆ ಕೇಳಬೇಕು, ಅದು ಅಲ್ಲಿನ ಪದ್ಧತಿ. ಜಮರಿಸ್ ಟೋಪಿ ತೆಗೆದು ಬೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಾಯಿ ತೆರೆದವನು ಮುಚ್ಚಿದ. ಎದ್ದು ಸೊಸೆಯ ಕಡೆ ತಿರುಗಿದ.

"ಮೊದ್ಲು ನಿನ್ನ ಹತ್ರ ಕೇಳ್ಬೇಕು, ಮಗಳೇ. ಜುಲ್ಬಹ್ರಿ ಬಗ್ಗೆ ಆಡಬಾರದ ಮಾತು ಆಡಿದ್ವಿ. ಅವನು ಒಳ್ಳೇ ಮನುಷ್ಯ."

ಇಡೀ ಊರು ಕೇಳಿಸಿಕೊಂಡಿತು. ಮಣ್ಣು ಮಾಡಿದ ದಿನದಿಂದ ಕಣ್ಣೀರು ಹಾಕದ ಯುಸ್ನಿಯಾರ್ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಲೆವಸ್ತ್ರದ ಅಂಚಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

"ಆಯ್ತು, ಮಾವ. ಈಗ ಅಜ್ಜನ ಹತ್ರ ಕೇಳಿ."