ನುಣ್ಣಗಾದ ಮಣಿಕಟ್ಟು

ಹರಿಹರದಲ್ಲಿ ಎಕ್ಸ್‌ರೇ ಸೆಂಟರ್ ತೆರೆಯುವ ಮೊದಲು ಬಕ್ಕೇಶ್ ಹತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ್ದ. ಮದುಮಗಳ ಮೊಡವೆ, ಬೀಗರ ಸುಕ್ಕು ಎಲ್ಲವನ್ನೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮಾಯ ಮಾಡುತ್ತಿದ್ದ. ಆ ಕೈಚಳಕದ ಕೊಬ್ಬು ಇನ್ನೂ ಇಳಿದಿರಲಿಲ್ಲ. ೧೯೯೮ರಲ್ಲಿ ಕಂಪ್ಯೂಟರ್, ಸ್ಕ್ಯಾನರ್, ಮೋಡೆಮ್ ತಂದಿಟ್ಟುಕೊಂಡು, ಎಕ್ಸ್‌ರೇಗಳನ್ನು ಫೋನ್ ಲೈನಿನಲ್ಲೇ ದಾವಣಗೆರೆಗೆ ಕಳಿಸುವ ಮಹಾಪುರುಷನಾದ. ಹತ್ತು ನಿಮಿಷಕ್ಕೊಂದು ಬಸ್ಸಿತ್ತು, ಫಿಲ್ಮನ್ನೇ ಕೊಟ್ಟು ಕಳಿಸಬಹುದಿತ್ತು. ಆದರೆ ಬಸ್ಸಿನಲ್ಲಿ ಕಳಿಸಿದವನನ್ನು ಯಾರು ಹೊಗಳುತ್ತಾರೆ?

ಸ್ಕ್ಯಾನ್ ಮಾಡಿದ ಚಿತ್ರ ದೊಡ್ಡದು, ಲೈನು ಬಡಕಲು, ಅರ್ಧಕ್ಕೇ ಕಟ್ಟಾಗುತ್ತಿತ್ತು. ಬಕ್ಕೇಶ್ ಸೇವ್ ಮಾಡುವಾಗ ಕ್ವಾಲಿಟಿಯನ್ನು ನೂರರಿಂದ ಹತ್ತಕ್ಕೆ ಇಳಿಸಿದ. ಫೈಲು ಪುಟ್ಟದಾಗಿ ಎರಡೇ ನಿಮಿಷದಲ್ಲಿ ಹೋಯಿತು. ಚಿತ್ರ ನುಣ್ಣಗಾಗಿತ್ತು. ಬೇರೆ ಯಾರಾದರೂ ಗಾಬರಿಯಾಗುತ್ತಿದ್ದರು, ಸ್ಟುಡಿಯೋ ಮನುಷ್ಯನಿಗೆ ಖುಷಿಯೇ ಆಯಿತು. ಕಂಪ್ಯೂಟರ್ ಪುಕ್ಕಟೆ ಟಚಪ್ ಮಾಡಿಕೊಡುತ್ತದೆ ಎಂದುಕೊಂಡ.

ಭಾನುವಳ್ಳಿಯ ಕಾಟಮ್ಮ ಕಾಲುವೆ ಏರಿಯಲ್ಲಿ ಜಾರಿಬಿದ್ದು, ಬಲಗೈ ಮಣಿಕಟ್ಟು ಹಿಡಿದುಕೊಂಡು ಬಂದಳು. ಭತ್ತದ ನಾಟಿಗೆ ಹೋಗುವ ಹೆಂಗಸು, ಆ ಕೈಯೇ ಅವಳ ಅನ್ನ. ಎಕ್ಸ್‌ರೇ ತೆಗೆದದ್ದಾಯಿತು, ಚಿತ್ರ ದಾವಣಗೆರೆಗೆ ಹೋಯಿತು. ಅಲ್ಲಿನ ಎಸ್.ಎಸ್. ಬಡಾವಣೆಯಿಂದ ಎಲುಬಿನ ಡಾಕ್ಟರು ಮೆಹರ್ ಬಾನು ಫೋನ್ ಮಾಡಿದರು.

"ಬಿರುಕೇನೂ ಕಾಣವಲ್ದು. ಆದ್ರೆ ಚಿತ್ರ ಯಾಕೋ ಮಸುಕೈತೆ. ನೋವು ಇದ್ರೆ ಫಿಲ್ಮೇ ಕಳಿಸ್ರಿ."

ಡಾಕ್ಟರ ಮಾತನ್ನೂ ಬಕ್ಕೇಶ್ ಚಿಕ್ಕದು ಮಾಡಿದ. ಮಸುಕು ಅಂದದ್ದು ಅವನ ಮರ್ಯಾದೆಗೆ ತಾಗಿತ್ತು.

"ಬಿರುಕಿಲ್ಲವಂತೆ ಕಾಟಮ್ಮ. ಕೆಲ್ಸಕ್ಕೆ ಹೋಗು."

"ನೋವು ಐತಲ್ರಿ."

"ಕಂಪ್ಯೂಟರ್‌ನಾಗೆ ಇಲ್ಲ."

ಹನ್ನೆರಡನೇ ದಿನ ಅವಳು ಬಾತ ಕೈ ಹೊತ್ತು ಮತ್ತೆ ಬಂದಳು. ಸಸಿ ಹಿಡಿಯಲು ಬೆರಳು ಕೂಡುತ್ತಿರಲಿಲ್ಲ. ಬಕ್ಕೇಶ್ ಹಳೆಯ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದ. ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಎಲುಬಿಗೆ ಅಡ್ಡ ಹೋಗಿತ್ತು. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ ಆ ಗೆರೆಯಿಲ್ಲ, ಬರೀ ಚೌಕ ಚೌಕದ ಬೂದಿ ಬಣ್ಣ.

ಫಿಲ್ಮ್ ಹಿಡಿದು, ಕಾಟಮ್ಮನನ್ನು ಕರೆದುಕೊಂಡು ಬಸ್ ಹತ್ತಿದ. ಅರ್ಧ ಗಂಟೆಯಲ್ಲಿ ದಾವಣಗೆರೆ ಬಂತು. ಇಷ್ಟು ಹತ್ತಿರದ ಊರಿಗೆ ತಾನು ಕಟ್ಟಿದ್ದ ತಂತ್ರಜ್ಞಾನದ ಅಂಬಾರಿ ನೆನೆದು ತಲೆಗೆ ತಾನೇ ಮೊಟಕಿಕೊಳ್ಳಬೇಕೆನಿಸಿತು.

ಡಾಕ್ಟರು ಫಿಲ್ಮ್ ನೋಡಿ, ಕೈ ಮುಟ್ಟಿ ನೋಡಿ, ಬಕ್ಕೇಶನ ಕಡೆ ತಿರುಗಿದರು. "ಅವತ್ತೇ ಪಟ್ಟಿ ಹಾಕಿದ್ರೆ ಕೂಡ್ಕೊಂತಿತ್ತು. ಈಗ ಎಲುಬು ಸರಿದೈತೆ. ಹಿಡಿತ ಮೊದ್ಲಿನಂಗೆ ಬರ್ತೈತೆ ಅಂತ ನಾನು ಹೇಳಂಗಿಲ್ಲ."

ಹೊರಗೆ ಬೆಂಚಿನ ಮೇಲೆ ಕಾಟಮ್ಮ ಕೇಳಿದಳು. "ಅವತ್ತು ಯಾಕ ಕಾಣ್ಲಿಲ್ರಿ?"

ತಪ್ಪನ್ನು ಲೈನಿನ ಮೇಲೋ ಕಂಪ್ಯೂಟರಿನ ಮೇಲೋ ಹಾಕಿಬಿಡಬಹುದಿತ್ತು. ಬಾಯಿಗೆ ಬಂದದ್ದೂ ಅದೇ, ನಾಚಿಕೆಯಾಗಿ ನುಂಗಿಕೊಂಡ.

"ನಂದೇ ತಪ್ಪು. ಲಗೂನ ಹೋಗ್ಲಿ ಅಂತ ಚಿತ್ರ ಸಣ್ಣದು ಮಾಡಿದ್ದೆ. ಹಂಗೆ ಮಾಡಿದ್ರೆ, ಕಣ್ಣಿಗೆ ಅಷ್ಟಾಗಿ ಬ್ಯಾಡಾದ ಸಣ್ಣಪುಟ್ಟ ಗೆರೆ ಹೋಗಿಬಿಡ್ತಾವೆ."

ಕಾಟಮ್ಮ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಿಗಿಟ್ಟುಕೊಂಡಳು.

"ಯಾರ ಕಣ್ಣಿಗ್ರಿ?" ಎಂದಳು.