ಅಂಟು ಬಿಟ್ಟ ದಿನ

ನಾನು ಬಲಗಾಲಿನ ಬೂಟು. ಬೆಟ್ಟ ಹತ್ತುವವರ ಬೂಟು ಎಂದು ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜನ ನನ್ನನ್ನು ಪೊಲೀಸರ ಬೂಟು ಅಂದುಕೊಳ್ಳುತ್ತಾರೆ. ಕಂದು ಚರ್ಮ, ಕೆಂಪು ಲೇಸು, ಕಣಕಾಲು ಮುಚ್ಚುವಷ್ಟು ಎತ್ತರ. ನನ್ನ ಜೊತೆಯಲ್ಲೇ ಹುಟ್ಟಿದ ಎಡದವನೂ ಇದ್ದಾನೆ. ಅವನು ನಿಶ್ಚಿಂತ ಪ್ರಾಣಿ. ಇಬ್ಬರಿಗೂ ಹಂಚಬೇಕಾಗಿದ್ದ ಚಿಂತೆಯನ್ನೆಲ್ಲ ದೇವರು ನನ್ನೊಬ್ಬನ ತಲೆಗೆ ಕಟ್ಟಿದ್ದಾನೆ.

ಹುಟ್ಟಿದ್ದು ಆಂಬೂರಿನ ಒಂದು ಕಾರ್ಖಾನೆಯಲ್ಲಿ. ಒಬ್ಬ ಹೆಂಗಸು ನನ್ನ ಮೈಯನ್ನು ಹೊಲಿದಳು, ಇನ್ನೊಬ್ಬ ನನ್ನ ತಳಕ್ಕೆ ಬಿಸಿ ಅಂಟು ಬಳಿದು ದಪ್ಪ ರಬ್ಬರಿನ ಅಟ್ಟೆಯನ್ನು ಒತ್ತಿ ಕೂರಿಸಿದ. ಮೇಸ್ತ್ರಿ ಬಂದು ನನ್ನನ್ನು ಎರಡು ಸಲ ಬಗ್ಗಿಸಿ ನೋಡಿ, ಇದು ಹತ್ತು ವರ್ಷ ಅಲುಗಾಡುವುದಿಲ್ಲ ಎಂದ. ನಾನು ಆ ಮಾತನ್ನು ನಂಬಿದೆ. ಹುಟ್ಟಿದ ದಿನ ಯಾರು ಏನು ಹೇಳಿದರೂ ನಂಬಿಕೆ ಬರುತ್ತದೆ.

ಅಲ್ಲಿಂದ ಹುಬ್ಬಳ್ಳಿಯ ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡುಹೋದವರು ಧಾರವಾಡದ ಶಂಭುಲಿಂಗ ಮಾಸ್ತರರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಇಪ್ಪತ್ತೈದು ವರ್ಷ ಹಲಗೆಯ ಮೇಲೆ ಹಿಮಾಲಯವನ್ನು ಸೀಮೆಸುಣ್ಣದಲ್ಲಿ ಬರೆದು ಒರೆಸಿದ್ದರಂತೆ, ಒಮ್ಮೆಯಾದರೂ ಅದರ ಮೇಲೆ ಕಾಲಿಡಬೇಕು ಎಂಬುದು ಅವರ ಆಸೆ. ಟಿಕೆಟ್ಟೂ ಆಗಿತ್ತು. ಹೊರಡಲು ನಾಲ್ಕು ದಿನ ಇರುವಾಗ ಅವರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಪ್ರವಾಸ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದದ್ದು ಎಂಟು ವರ್ಷ ಹೋಯಿತು.

ಆಗ ಅವರ ಹೆಂಡತಿ ನೀಲಾಂಬಿಕಾ ನಮ್ಮಿಬ್ಬರನ್ನೂ ಕೈಗೆತ್ತಿಕೊಂಡಳು. ಅವಳು ಮನೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು, ಕೈ ಬಹಳ ಚೊಕ್ಕ. ಹೊಸದನ್ನು ಹೊಸದಾಗಿಯೇ ಇಡಬೇಕು ಎಂಬುದು ಆ ಮನೆಯ ಪದ್ಧತಿ. ಮದುವೆಯಲ್ಲಿ ಬಂದ ಪಾತ್ರೆಗಳು ಇನ್ನೂ ಹೆಸರಿನ ಚೀಟಿಯ ಸಮೇತ ಅಟ್ಟದ ಮೇಲಿದ್ದವು. ನಮ್ಮನ್ನೂ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ನಾಲ್ಕು ನುಸಿಗುಳಿಗೆ ಉದುರಿಸಿ, ಗಾಳಿಯಾಡದಂತೆ ಬಾಯಿ ಬಿಗಿದು ಅಲ್ಲೇ ಇಟ್ಟಳು. ಪ್ರೀತಿಯಿಂದಲೇ ಇಟ್ಟಳು. ಆ ಪ್ರೀತಿಯಲ್ಲಿ ನನ್ನ ಅಂಟು ಒಳಗೊಳಗೇ ಹಿಟ್ಟಾಗುತ್ತ ಬಂತು. ಹೊರಗಿನಿಂದ ನೋಡಿದರೆ ನಾನು ಮದುವಣಿಗನ ಹಾಗೆ ಹೊಳೆಯುತ್ತಿದ್ದೆ.

ಮಾಸ್ತರರು ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಹೊರಟರು. ಉತ್ತರಾಖಂಡದಲ್ಲಿ ಆರು ದಿನದ ನಡಿಗೆ. ದಾರಿ ತೋರಿಸಲು ದರ್ಬಾನ್ ಸಿಂಗ್ ಎಂಬ ಅಲ್ಲಿಯವನೊಬ್ಬನಿದ್ದ, ಮಿತಭಾಷಿ. ನಾಲ್ಕನೆಯ ದಿನ ಎರಡು ಶಿಖರಗಳ ನಡುವಿನ ಹಿಮದ ತಗ್ಗನ್ನು ದಾಟಬೇಕು. ಅದನ್ನು ಎಲ್ಲರೂ ಪಾಸ್ ಎನ್ನುತ್ತಿದ್ದರು. ದರ್ಬಾನ್ ಸಿಂಗ್ ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದ್ದ. ಎತ್ತರದಲ್ಲಿ ಗಾಳಿ ತೆಳುವಾಗುತ್ತದೆ, ತಲೆ ಸಿಡಿದರೆ, ಊಟ ಸೇರದಿದ್ದರೆ, ಹೆಜ್ಜೆ ತಪ್ಪಿದರೆ ತಕ್ಷಣ ಹೇಳಬೇಕು, ಮುಚ್ಚಿಟ್ಟವರನ್ನು ತಾನು ಹೊತ್ತು ಇಳಿಸಿದ್ದೂ ಇದೆ, ಇಳಿಸುವ ಮೊದಲೇ ಕಳೆದುಕೊಂಡದ್ದೂ ಇದೆ. ಕೆಳಗಿಳಿಯುವುದೊಂದೇ ಅದಕ್ಕೆ ಮದ್ದು. ಇಬ್ಬರೂ ಒಳ್ಳೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಮೂರನೆಯ ದಿನ ಮಧ್ಯಾಹ್ನ ನನ್ನ ಮೂತಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಮಾಸ್ತರರು ಡೇರೆಯ ಹೊರಗೆ ಬೂಟು ಬಿಚ್ಚುವಾಗ ಅದನ್ನು ಕಂಡರು. ಹೆಬ್ಬೆರಳಿನಿಂದ ಒತ್ತಿದರು, ಸುತ್ತ ನೋಡಿದರು, ಗಾಯಕ್ಕೆ ಹಚ್ಚುವ ಪಟ್ಟಿಯನ್ನು ತೆಗೆದು ನನಗೆ ಅಂಟಿಸಿ ಮುಖವನ್ನು ಕಲ್ಲಿನ ಕಡೆಗೆ ತಿರುಗಿಸಿ ಇಟ್ಟರು. ನೀಲಾ ಏನಾಯಿತೆಂದು ಕೇಳಿದಾಗ ಏನೂ ಇಲ್ಲ ಎಂದರು.

ಅದೇ ಸಂಜೆ ನನಗೆ ಇನ್ನೊಂದು ಗುಟ್ಟು ಗೊತ್ತಾಯಿತು. ನಾವು ನೆಲದಲ್ಲಿರುವವರು, ನೆಲದಲ್ಲಿ ನಡೆಯುವುದೆಲ್ಲ ನಮಗೆ ಕಾಣುತ್ತದೆ. ನೀಲಾ ತನ್ನ ತಟ್ಟೆಯ ರೊಟ್ಟಿಯನ್ನು ಮುರಿದು ಕಲ್ಲಿನ ಸಂದಿಗೆ ತುರುಕುತ್ತಿದ್ದಳು. ಮರುದಿನ ನಸುಕಿನಲ್ಲೂ ಹಾಗೇ ಮಾಡಿದಳು, ಗಂಡ ಅತ್ತ ತಿರುಗಿದಾಗ ತಲೆನೋವಿನ ಗುಳಿಗೆ ನುಂಗಿದಳು. ದರ್ಬಾನ್ ಸಿಂಗ್ ಬಂದು ತಬಿಯತ್ತು ವಿಚಾರಿಸಿದಾಗ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ ಎಂದರು. ಇಬ್ಬರೂ ಸುಳ್ಳರು. ಇಬ್ಬರ ಸುಳ್ಳೂ ಗೊತ್ತಿದ್ದವನು ನಾನೊಬ್ಬ, ನನಗೆ ಬಾಯಿಯಿಲ್ಲ.

ಬೆಳಕು ಹರಿಯುತ್ತಲೇ ಹೊರಟೆವು. ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ, ಅಷ್ಟರೊಳಗೆ ಪಾಸ್ ದಾಟಬೇಕು. ಮುಂದೆ ದರ್ಬಾನ್ ಸಿಂಗ್, ನಡುವೆ ಮಾಸ್ತರರು, ಹಿಂದೆ ನೀಲಾ. ಹಿಂದೆ ನಡೆಯುವ ಹಟ ಅವಳದೇ. ನನಗೆ ಅವಳ ಹೆಜ್ಜೆಯ ಸದ್ದು ಕೇಳುತ್ತಿತ್ತು. ಮೊದಲ ಗಂಟೆ ಒಂದೇ ಲಯದಲ್ಲಿತ್ತು. ಆಮೇಲೆ ಒಂದು ಹೆಜ್ಜೆ ಎಡಕ್ಕೆ ಎಳೆಯತೊಡಗಿತು, ಒಂದು ಕಲ್ಲಿಗೆ ತಾಗಿತು, ನಿಂತಿತು, ಮತ್ತೆ ಬಂತು. ತಿರುಗಿ ನೋಡಿ ಮಾಸ್ತರರೇ, ಒಮ್ಮೆ ತಿರುಗಿ ನೋಡಿ ಎಂದು ನಾನು ಒಳಗೇ ಒದ್ದಾಡಿದೆ. ಅವರ ಕಣ್ಣು ಮೇಲಿನ ಹಿಮದ ಮೇಲಿತ್ತು, ಗಮನವೆಲ್ಲ ನನ್ನ ಬಿರುಕಿನ ಮೇಲಿತ್ತು. ಅವಳ ಕಣ್ಣಿಗೆ ಬೀಳದಿರಲಿ ಎಂದು ನನ್ನನ್ನು ಓರೆಯಾಗಿ ಊರುತ್ತಿದ್ದರು.

ನನ್ನ ಸಂಕಟ ಯಾರಿಗೂ ಬೇಡ. ಬೂಟಿನ ಧರ್ಮ ಗಟ್ಟಿಯಾಗಿ ನಿಲ್ಲುವುದು. ನಾನು ನಿಂತಷ್ಟೂ ಅವರು ಹತ್ತುತ್ತಾರೆ, ಅವರು ಹತ್ತಿದಷ್ಟೂ ಹಿಂದಿನ ಹೆಜ್ಜೆ ಸಾವಿನ ಹತ್ತಿರ ಹೋಗುತ್ತದೆ. ನಾನು ಬಿಟ್ಟರೆ, ಈ ಕಡಿದಾದ ಕಲ್ಲಿನ ಮೇಲೆ ಮಾಸ್ತರರೇ ಉರುಳಬಹುದು. ಏನು ಮಾಡಲಿ? ಎಡದವನನ್ನು ಕೇಳಿದೆ. ಅವನು ತನ್ನ ಪಾಡಿಗೆ ಸರಕ್ ಸರಕ್ ಎಂದು ನಡೆಯುತ್ತಿದ್ದ.

ಅವಳನ್ನು ಉಳಿಸಲೆಂದು ಬೇಕೆಂದೇ ಬಿಟ್ಟುಕೊಟ್ಟೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಹಾಗೇನೂ ಇಲ್ಲ. ಒಂದು ಚೂಪು ಕಲ್ಲಿಗೆ ಮೂತಿ ಸಿಕ್ಕಿತು, ಪಟ್ಟಿ ಹರಿಯಿತು, ಅಟ್ಟೆ ಮುಂಭಾಗದಿಂದ ಹಿಮ್ಮಡಿಯವರೆಗೆ ಒಮ್ಮೆಲೇ ಬಾಯಿ ತೆರೆಯಿತು. ಮಾಸ್ತರರು ಮುಗ್ಗರಿಸಿ ಎರಡೂ ಕೈ ಊರಿ ಕುಳಿತರು. ನಾನು ನಾಲಿಗೆ ಚಾಚಿದ ನಾಯಿಯ ಹಾಗೆ ಜೋತುಬಿದ್ದೆ. ಅಷ್ಟು ಅವಮಾನ ನನಗೆ ಎಂದೂ ಆಗಿರಲಿಲ್ಲ.

ನೀಲಾ ಮೆಲ್ಲಗೆ ಬಂದು ಎದುರಿಗೆ ಕುಳಿತಳು. ನನ್ನನ್ನು ನೋಡಿದಳು. ಯಾವಾಗಿನಿಂದ ಹೀಗಿದೆ ಎಂದು ಕೇಳಿದಳು. ಮಾಸ್ತರರು ನಿನ್ನೆಯಿಂದ ಎಂದು ತಪ್ಪೊಪ್ಪಿಕೊಂಡರು. ಅವಳು ಬೈಯಲಿಲ್ಲ. ಚೀಲದಲ್ಲಿ ತನ್ನ ಇನ್ನೊಂದು ಪಾಯಿಜಾಮ ಇದೆ, ಅದರ ಲಾಡಿ ಎಳೆದು ಕೊಡಿ ಎಂದಳು. ಮಾಸ್ತರರು ಲಾಡಿ ಎಳೆದು, ತಾವೇ ನನ್ನ ಸುತ್ತ ಸುತ್ತಲು ಹೋದರು.

"ಇಲ್ಲಿ ಕೊಡ್ರಿ," ಎಂದಳು. "ನೀವು ಕಟ್ಟಿದ್ದು ನಾಕ್ ಹೆಜ್ಜಿ ನಿಲ್ಲಂಗಿಲ್ಲ."

ಅವಳ ಬೆರಳುಗಳು ನನ್ನ ಮೈಗೆ ತಾಗಿದವು. ಒಂದು ಸುತ್ತು ಹಾಕಿದಳು. ತುದಿಯನ್ನು ಒಳಗೆ ತೂರಿಸಲು ಹೋದಳು, ತುದಿ ಹೊರಗೆ ಬಿತ್ತು. ಮತ್ತೆ ತೂರಿಸಿದಳು, ಮತ್ತೆ ತಪ್ಪಿತು. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಹೆಂಗಸು ಒಂದು ಲಾಡಿಯ ಗಂಟನ್ನು ಹುಡುಕುತ್ತಿದ್ದಳು. ಮೂರನೆಯ ಸಲ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತ ಕುಳಿತಳು. ಮುಂದೆ ಏನು ಮಾಡಬೇಕೆಂದು ಅವಳಿಗೆ ಮರೆತುಹೋಗಿತ್ತು.

ಮಾಸ್ತರರು ಆಗ ಅವಳ ಮುಖ ನೋಡಿದರು. ಬೆಳಗಿನಿಂದ ಅದೇ ಮೊದಲು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

"ನೀಲಾ, ತಲಿ ಯಾವಾಗಿಂದ ನೋಯಾಕತ್ತೈತಿ?"

"ನಿನ್ನೆ ಮಧ್ಯಾಹ್ನದಿಂದ," ಎಂದಳು, ಒಂದೊಂದೇ ಶಬ್ದ ಹುಡುಕಿ. "ಹೇಳಿದ್ರ ನೀವು ತಿರುಗಿ ಹೋಗೂಣು ಅಂತಿದ್ರಿ. ಎಂಟ್ ವರ್ಷ ಕಾದೀರಿ."

ದರ್ಬಾನ್ ಸಿಂಗ್ ಓಡಿ ಕೆಳಗಿಳಿದು ಬಂದ. ಅವಳನ್ನು ಎಬ್ಬಿಸಿ ಹತ್ತು ಹೆಜ್ಜೆ ನೆಟ್ಟಗೆ ನಡೆಸಿ ನೋಡಿದ, ಅವಳಿಗೆ ಆಗಲಿಲ್ಲ. ಪಾಸ್ ಅಲ್ಲಿಂದ ಅರ್ಧ ಗಂಟೆಯ ದಾರಿ, ಅಲ್ಲಿ ಕಟ್ಟಿದ್ದ ಪ್ರಾರ್ಥನೆಯ ಬಾವುಟಗಳು ಮೇಲೆ ಕಾಣುತ್ತಿದ್ದವು. ಅವನು ಅದರ ಮಾತೇ ಎತ್ತಲಿಲ್ಲ. ಲಾಡಿಯಿಂದ ನನ್ನನ್ನು ಬಿಗಿದು ಕಟ್ಟಿ, ನೀಲಾಳ ಒಂದು ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡ. ಇನ್ನೊಂದನ್ನು ಮಾಸ್ತರರು ಹಾಕಿಕೊಂಡರು. ಅವರು ಮೇಲಕ್ಕೆ ತಿರುಗಿಯೂ ನೋಡಲಿಲ್ಲ.

ಇಳಿದ ಆ ಮೂರು ಗಂಟೆಯನ್ನು ನೆನೆದರೆ ಈಗಲೂ ನನ್ನ ಚರ್ಮ ಸುಕ್ಕಾಗುತ್ತದೆ. ಪ್ರತಿ ಹೆಜ್ಜೆಗೆ ಲಾಡಿ ಕಲ್ಲಿಗೆ ಉಜ್ಜಿ ಸವೆಯುತ್ತಿತ್ತು. ಅದು ಹರಿದರೆ ಮಾಸ್ತರರು ಜಾರುತ್ತಾರೆ, ಅವರು ಜಾರಿದರೆ ಅವಳೂ ಉರುಳುತ್ತಾಳೆ. ಎರಡು ಸಲ ಅವಳು ಕುಳಿತು ವಾಂತಿ ಮಾಡಿಕೊಂಡಳು. ಒಮ್ಮೆ ಇಲ್ಲೇ ಮಲಗುತ್ತೇನೆ ಎಂದು ಹಟ ಹಿಡಿದಳು. ಮಾಸ್ತರರು ಗದರಿದರು, ಬೇಡಿಕೊಂಡರು, ಆಮೇಲೆ ದಾರಿಯುದ್ದಕ್ಕೂ ಅವಳ ಹೊಲಿಗೆ ಕ್ಲಾಸಿನ ಹುಡುಗಿಯರ ಹೆಸರು ಒಂದೊಂದಾಗಿ ಹೇಳಿಸಿದರು. ಹೆಸರು ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ ಹೇಳಿಸಿದರು. ಒಂದು ತೊರೆಯಲ್ಲಿ ಲಾಡಿ ಹರಿದು ಅಟ್ಟೆ ನೀರಿನಲ್ಲಿ ತೇಲಿಹೋಯಿತು. ಮಾಸ್ತರರು ನಿಲ್ಲಲಿಲ್ಲ. ಉಳಿದ ದಾರಿಯನ್ನು ನನ್ನ ತೆಳು ತಳದ ಮೇಲೇ ನಡೆದರು, ಕಲ್ಲಿನ ಏಟೆಲ್ಲ ಅವರ ಅಂಗಾಲಿಗೇ ಬಿತ್ತು.

ಮರಗಳು ಶುರುವಾಗುವ ಕಡೆ ಬಂದಾಗ ಅವಳು ತಾನಾಗಿಯೇ ಒಂದು ಹೆಸರು ಹೇಳಿದಳು. ಆಮೇಲೆ ಇನ್ನೊಂದು. ಕೆಳಗಿನ ಬಿಡಾರದಲ್ಲಿ ಚಹಾ ಕುಡಿದು, ಸಕ್ಕರೆ ಸಾಲದು ಎಂದು ತಕರಾರು ತೆಗೆದಳು. ಮಾಸ್ತರರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಪಾಸ್ ಇನ್ನೆಷ್ಟು ದೂರ ಇತ್ತು ಎಂದು ಅವಳು ಕೇಳಿದಾಗ, ಬಹಳ ದೂರ ಇತ್ತು, ಹೇಗೂ ಮುಟ್ಟುತ್ತಿರಲಿಲ್ಲ ಎಂದರು. ಅದೊಂದು ಸುಳ್ಳನ್ನು ನಾನು ಕ್ಷಮಿಸಿದೆ.

ಮರುದಿನ ಎಡದವನ ಅಟ್ಟೆಯೂ ಕಳಚಿತು. ಇಷ್ಟು ದಿನ ಮೆರೆದಿದ್ದ, ನನಗೆ ಸ್ವಲ್ಪ ಸಮಾಧಾನವಾಯಿತು.

ಧಾರವಾಡಕ್ಕೆ ಬಂದ ಮೇಲೆ ನಮ್ಮನ್ನು ಚಪ್ಪಲಿ ಹೊಲಿಯುವವನ ಹತ್ತಿರ ಒಯ್ದರು. ಅವನು ನನ್ನ ತಳವನ್ನು ಉಗುರಿನಿಂದ ಕೆರೆದು ಪುಡಿ ಉದುರಿಸಿ ತೋರಿಸಿದ. ಕಟ್ಟಿಟ್ಟು ಕೆಡಿಸಿದ್ದೀರಿ, ಮೊದಲೇ ಹಾಕಿಕೊಂಡು ತಿರುಗಾಡಿ ಮುಗಿಸಬೇಕಿತ್ತು ಎಂದ. ಆ ವಾರವೇ ಅಟ್ಟದ ಪಾತ್ರೆಗಳೆಲ್ಲ ಕೆಳಗಿಳಿದು ಒಲೆಯೇರಿದವು. ನಮ್ಮನ್ನು ಎಸೆಯಲು ಮಾತ್ರ ನೀಲಾ ಬಿಡಲಿಲ್ಲ. ಮನೆ ಎರಡನೆಯ ಮಹಡಿಯಲ್ಲಿದೆ. ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆ ನಮ್ಮ ಮುಪ್ಪಿನ ಮನೆಯಾಯಿತು.

ಮೂರು ವರ್ಷ ಕಳೆಯಿತು. ಈಚೆಗೆ ನನ್ನ ಹಳೆಯ ಚಿಂತೆ ಮತ್ತೆ ಹುಟ್ಟಿತು. ಮಾಸ್ತರರು ಸಂಜೆಯ ತಿರುಗಾಟ ಮುಗಿಸಿ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿಯದೆ ನಿಲ್ಲುತ್ತಿದ್ದರು. ಒಂದು ಕೈ ಗೋಡೆಗೆ, ಒಂದು ಕೈ ಎದೆಗೆ. ಉಸಿರು ಹದಕ್ಕೆ ಬಂದ ಮೇಲೆ ಬೆವರು ಒರೆಸಿ, ಮುಖ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ನಾಲ್ಕು ದಿನ ಹೀಗೇ ನಡೆಯಿತು. ಈ ಸಲ ಕಳಚಿ ಬಿದ್ದು ಅವರನ್ನು ತಡೆಯೋಣವೆಂದರೆ ನನ್ನಲ್ಲಿ ಅಟ್ಟೆಯೇ ಇಲ್ಲ.

ಐದನೆಯ ಸಂಜೆ ಅವರು ಗೋಡೆ ಹಿಡಿದು ನಿಂತಿದ್ದಾಗಲೇ ಬಾಗಿಲು ತೆರೆಯಿತು. ನೀಲಾ ಅಲ್ಲೇ ಒಳಗೆ ಕಾಯುತ್ತಿದ್ದಳು ಅನಿಸುತ್ತದೆ.

"ಹೊರಗ ಎಷ್ಟೊತ್ತಿನಿಂದ ನಿಂತೀರಿ?"

ಏನೂ ಇಲ್ಲ ಎನ್ನುವುದು ಅವರ ಬಾಯಿಯ ತನಕ ಬಂದದ್ದು ನನಗೆ ಕಂಡಿತು. ಅವರು ತಲೆ ತಗ್ಗಿಸಿದರು.

"ಮೆಟ್ಟಲಾ ಹತ್ತುವಾಗ ಎದಿ ಹಿಡದಂಗ ಆಗತೈತಿ, ನೀಲಾ. ನಾಕೈದ್ ದಿನಾ ಆತು."

ಅವಳು ಒಳಗೆ ಹೋಗಿ ಗ್ಯಾಸ್ ಆರಿಸಿ, ಚೀಲ ತಂದು, ಬೀಗ ಹಾಕಿದಳು. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ತನ್ನ ಹೆಗಲ ಮೇಲೆ ಕೈ ಇಡಿ ಎಂದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದು ದವಾಖಾನೆಯ ಕಡೆ ಹೋದರು. ಕೆಳಗಿನ ಗೇಟಿನ ಸದ್ದು ಕೇಳುವವರೆಗೆ ನಾನು ಕಿವಿಗೊಟ್ಟಿದ್ದೆ. ಆ ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತಿರುವ ಗುಟ್ಟು ಇನ್ನು ಯಾವುದೂ ಉಳಿದಿರಲಿಲ್ಲ.