ಮಂಜಿಗೊಂದು ಅರ್ಜಿ

ಬೆಳಗಿನ ಆರು ಗಂಟೆ ನಲವತ್ತು ನಿಮಿಷಕ್ಕೆ ತ್ಸಾವ್ ಮೇಚಿನ್ ನಾನ್‌ಗಾನ್ ದ್ವೀಪದ ವಿಮಾನ ನಿಲ್ದಾಣದಲ್ಲಿ ನಿಂತು ಕಿಟಕಿಯ ಗಾಜನ್ನು ಕೋಟಿನ ತೋಳಿನಿಂದ ಒರೆಸುತ್ತಿದ್ದರು. ಮಂಜು ಇದ್ದದ್ದು ಹೊರಗೆ, ಒರೆಸುತ್ತಿದ್ದದ್ದು ಒಳಗಿನಿಂದ. ಅದು ಅವರಿಗೆ ತಿಳಿಯದ್ದೇನಲ್ಲ. ಈ ದ್ವೀಪದಲ್ಲಿ ಹುಟ್ಟಿದವರೆಲ್ಲ ಏಪ್ರಿಲ್‌ನಲ್ಲಿ ಒಮ್ಮೆಯಾದರೂ ಹಾಗೆ ಒರೆಸುತ್ತಾರೆ. ಅವರು ಮಾತ್ರ ಒರೆಸಿದ ಮೇಲೆ ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಸರಿದು, ಏನಾದರೂ ಬದಲಾಯಿತೇ ಎಂದು ಶ್ರದ್ಧೆಯಿಂದ ನೋಡುತ್ತಿದ್ದರು. ಆ ಬೂದು ಕೋಟಿನ ಬಲತೋಳಿನ ಅಂಚು ಈ ಒಂದೇ ಅಭ್ಯಾಸದಿಂದ ಬೆಳ್ಳಗಾಗಿತ್ತು.

ಕಡಿದಾದ ಕಲ್ಲುಮೆಟ್ಟಿಲುಗಳ ಊರಿನಲ್ಲಿ ಬೆಳೆದ ಅವರು ತೈಪೆಯ ಸಮತಟ್ಟಾದ ಬೀದಿಯಲ್ಲೂ ಮೆಟ್ಟಿಲಿಳಿಯುವವರಂತೆ, ಮೊಣಕಾಲನ್ನು ತುಸು ಬಾಗಿಸಿ, ಪಾದವನ್ನು ಮೊದಲು ಊರಿ ನೋಡಿ, ಆಮೇಲೆ ಮೈಭಾರ ಹಾಕಿ ನಡೆಯುತ್ತಿದ್ದರು. ಮಾತಿನ ರೀತಿಯೂ ಅದೇ. ಯಾರು ಏನೇ ಕೇಳಿದರೂ ಮೊದಲು ಬರುತ್ತಿದ್ದ ಉತ್ತರ, "ಇನ್ನೂ ನೋಡಿಲ್ಲ."

ಇಂಥ ಸ್ವಭಾವದವರು ಆರಿಸಿಕೊಂಡದ್ದು ಸಾಕ್ಷ್ಯಚಿತ್ರ ನಿರ್ಮಾಣವನ್ನು, ಅದೂ ಸ್ವತಂತ್ರವಾಗಿ, ದೂರದೇಶಗಳ ಟಿ.ವಿ. ವಾಹಿನಿಗಳ ಹಣ ನಂಬಿಕೊಂಡು. ಆ ಕಸುಬಿನಲ್ಲಿ ಚಿತ್ರ ತೆಗೆಯುವ ಮೊದಲೇ ಚಿತ್ರವನ್ನು ವರ್ಣಿಸಿ ಅರ್ಜಿ ಹಾಕಬೇಕು. ಅರ್ಜಿಯಲ್ಲಿ 'ಚಿತ್ರ ಹೇಗೆ ಮುಗಿಯುತ್ತದೆ?' ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಮೇಚಿನ್ ಅಕ್ಕ ಅದರ ಮುಂದೆಯೂ ತಮ್ಮ ಎಂದಿನ ಎರಡು ಪದಗಳನ್ನೇ ಬರೆಯುತ್ತಿದ್ದರು. ಭೌತಶಾಸ್ತ್ರ ಓದಿ ಅವರಲ್ಲಿ ಧ್ವನಿಮುದ್ರಣಕ್ಕೂ ಲೆಕ್ಕಪತ್ರಕ್ಕೂ ಸೇರಿಕೊಂಡಿದ್ದ ನಾನು, ಕಳಿಸುವ ಮೊದಲು ಏನಾದರೊಂದು ಸೂರ್ಯೋದಯ ಸೇರಿಸಿ ಎಂದು ಅಂಗಲಾಚುತ್ತಿದ್ದೆ.

ಆ ವರ್ಷದ ಅರ್ಜಿ ಮಂಜಿನ ಚಿತ್ರಕ್ಕೆ. ವಸಂತದಲ್ಲಿ ಮಂಜಿಳಿದು ವಿಮಾನಗಳು ನಿಂತುಹೋದಾಗ ನಿಲ್ದಾಣದಲ್ಲಿ ಜನ ದಿನಗಟ್ಟಲೆ ಕೂತಿರುತ್ತಾರೆ. ಮಂಜು ಹರಿಯುವ ಕ್ಷಣದಲ್ಲಿ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ಏಳುತ್ತಾರೆ. ಅಕ್ಕನಿಗೆ ಬೇಕಾಗಿದ್ದದ್ದು ಆ ಏಳುವಿಕೆ. ಎರಡು ಸಲ ಅರ್ಜಿ ತಿರಸ್ಕೃತವಾಗಿತ್ತು. ಒಂದೇ ಚಿತ್ರಕ್ಕೆ ಮೂರಕ್ಕಿಂತ ಹೆಚ್ಚು ಸಲ ಕೇಳುವಂತಿಲ್ಲವೆಂದು ನಿಯಮ. ಕೊನೆಯ ಅವಕಾಶ ಆ ದಿನ ಹತ್ತು ಗಂಟೆಗೆ, ತೈಪೆಯ ಸಭಾಂಗಣದಲ್ಲಿ, ಹಣ ಕೊಡುವ ವಾಹಿನಿಗಳ ಆಯ್ಕೆದಾರರ ಎದುರು.

"ರಾತ್ರಿ ಹಡಗಿಗೇ ಹೋಗ್ಬಿಡೋಣ ಅಕ್ಕಾ," ಎಂದು ಹಿಂದಿನ ದಿನ ಹೇಳಿದ್ದೆ.

"ನಾಳೆ ಮಂಜು ಬರೋ ಹಾಗಿದೆಯಲ್ಲೋ ತಮ್ಮಾ. ಬಿಟ್ಟು ಹೋಗೋಕಾಗುತ್ತಾ?"

ಮಂಜು ಬಂತು. ನಾವು ಉಳಿದೆವು. ನಿಲ್ದಾಣದಲ್ಲಿ ಕೆಂಪು ಮದ್ಯದ ಸಾರಿನಲ್ಲಿ ಶ್ಯಾವಿಗೆ ಬೇಯಿಸಿ ಮಾರುವ ಲ್ಯೆನ್ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಹಾಸ್ಯ ಬೇಕಿರಲಿಲ್ಲ.

"ಮಂಜಿಗೆ ದುಡ್ಡು ಕೇಳೋಕೆ ಹೊರಟೋಳ್ನ ಮಂಜೇ ಹಿಡ್ಕೊಂಡು ಕೂರಿಸ್ತಲ್ಲೇ! ನನ್ನ ಶ್ಯಾವಿಗೆ ಮೇಲೆ ಸಿನಿಮಾ ತೆಗಿ, ಅದೆಲ್ಲೂ ಓಡಿಹೋಗಲ್ಲ. ಹೇಗಿದೆ ಸಾರು ಇವತ್ತು?"

"ಇನ್ನೂ ನೋಡಿಲ್ಲ ಅಜ್ಜಿ."

"ಅರ್ಧ ಬಟ್ಟಲು ಖಾಲಿ ಮಾಡಿದೀಯ."

ಫೋನಿನ ವಿಡಿಯೊದಲ್ಲೇ ಮಾತಾಡಲು ಸಭೆಯವರು ಒಪ್ಪಿದರು. ಫೋನು ಹಿಡಿಯುವ ಕೆಲಸ ನನ್ನದು. "ನನ್ನ ಮುಖ ಬೇಡ, ಕಿಟಕಿ ಕಡೆ ಹಿಡಿ," ಎಂದರು ಅಕ್ಕ. ಹಿಡಿದೆ. ಅತ್ತ ತೈಪೆಯ ದೊಡ್ಡ ಪರದೆ ಪೂರ್ತಿ ಬೆಳ್ಳಗಾಗಿರಬೇಕು.

"ನಿಮ್ಮ ಕ್ಯಾಮೆರಾ ಮುಚ್ಚಿದೆ ಅನ್ಸುತ್ತೆ," ಎಂದಿತು ಒಂದು ಹೆಣ್ಣು ಧ್ವನಿ. ಫಿನ್ಲೆಂಡಿನ ವಾಹಿನಿಯೊಂದರ ಆಯ್ಕೆದಾರರಾದ ಸೈಮಾ ಅವರದು.

"ತೆರೆದೇ ಇದೆ," ಎಂದರು ಅಕ್ಕ. "ಚಿತ್ರ ಶುರುವಾಗಿದೆ."

ಅತ್ತ ಯಾರೋ ನಕ್ಕರು. ಆ ಬಿಳುಪಿನಲ್ಲಿ ಒಮ್ಮೆ ವಿಮಾನದ ಬಾಲದಂಥದ್ದೇನೋ ಮೂಡಿ, ನಿದ್ದೆಯಲ್ಲಿ ನೆನಪಾದ ಹೆಸರಿನಂತೆ ಕರಗಿಹೋಯಿತು.

"ಖರ್ಚಿನ ಪಟ್ಟಿಯಲ್ಲಿ ಕಾಯೋದಕ್ಕೆ ಅಂತ ಅರವತ್ತು ದಿನ ಹಾಕಿದ್ದೀರಿ," ಎಂದರು ಸೈಮಾ. "ಆ ದಿನಗಳಲ್ಲಿ ಏನ್ ಮಾಡ್ತೀರಿ?"

"ಕಾಯ್ತೀವಿ."

"ಸರಿ. ಅಷ್ಟು ಕಾದ್ರೆ ನೀವು ಹೇಳೋ ಆ ಕ್ಷಣ ನಿಮ್ಗೆ ಸಿಗುತ್ತೆ ಅನ್ನೋದು ಎಷ್ಟು ಖಾತ್ರಿ?"

ಹಿಂದಿನ ಮೂರು ವಸಂತಗಳಲ್ಲಿ ಬರೆದಿಟ್ಟ ಟಿಪ್ಪಣಿಗಳಿಂದ ಆ ಸಂಭವ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕಿಕೊಟ್ಟವನು ನಾನೇ. ಅದನ್ನು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡವನೂ ನಾನೇ. ಫೋನಿನ ಹಿಂದಿನಿಂದ ತುಟಿಯಲ್ಲೇ 'ತೊಂಬತ್ತು' ಎಂದು ತೋರಿಸಿದೆ. ಅಕ್ಕ ನನ್ನತ್ತ ನೋಡಿ, ಮಗು ಏನೋ ಅಂದಿತೆಂಬಂತೆ ಮುಗುಳ್ನಕ್ಕು, ತಮ್ಮ ಉತ್ತರ ಕೊಟ್ಟರು.

ಆಗಸ್ಟ್‌ನಲ್ಲಿ ಹಣ ಬಂತು. ಕಾಯುವ ದಿನಗಳನ್ನು ಅರ್ಧಕ್ಕೆ ಇಳಿಸಿದ್ದರು. ಮುಂದಿನ ವಸಂತದಲ್ಲಿ ಉಳಿದರ್ಧವನ್ನು ಅಕ್ಕ ಸ್ವಂತ ಖರ್ಚಿನಲ್ಲಿ ಕಾದರು. ಮಂಜು ಹರಿದ ಬೆಳಗ್ಗೆ ಕ್ಯಾಮೆರಾ ಕಿಟಕಿಯತ್ತ ತಿರುಗಿತ್ತು. ಜನರ ಮುಖ ಸಿಗಲಿಲ್ಲ. ತೆಳುವಾಗುತ್ತಿರುವ ಬಿಳುಪು, ಕ್ಯಾಮೆರಾದ ಹಿಂದಿನಿಂದ ನೂರಾರು ಕುರ್ಚಿಗಳು ಒಟ್ಟಿಗೆ ಸರಿದ ಸದ್ದು. ಚಿತ್ರ ಮುಗಿಯುವುದು ಹಾಗೆ. ಪ್ರದರ್ಶನದ ದಿನ ಸೈಮಾ ನನ್ನ ಪಕ್ಕದಲ್ಲೇ ಕೂತಿದ್ದರು. "ಅವತ್ತು ಅರ್ಜಿ ಹಿಡ್ಕೊಂಡು ಬಂದ ಬೇರೆಯವ್ರೆಲ್ಲ ನೂರಕ್ಕೆ ನೂರು ಖಾತ್ರಿ ಅಂದ್ರು," ಎಂದರು, ದೀಪ ಹತ್ತಿದ ಮೇಲೆ. "ಅವ್ರನ್ನ ನಂಬೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಕಾಣದ್ದನ್ನು ಕಂಡಂತೆ ವರ್ಣಿಸಿ ಗೆಲ್ಲುವವರು ಈ ಕಸುಬಿನಲ್ಲಿ ಬಹಳ. ಅವರ ಚಿತ್ರಗಳೂ ಚೆನ್ನಾಗಿಯೇ ಇರುತ್ತವೆ. ಆದರೆ ಅಪರೂಪಕ್ಕೆ ಕೆಲವರಿರುತ್ತಾರೆ: ಕನಸಿಗೆ ಕೈಯೊಡ್ಡುವಾಗಲೂ ಅದು ಎಷ್ಟರಮಟ್ಟಿಗೆ ಕನಸು ಎಂಬುದನ್ನು ಮುಚ್ಚಿಡದವರು. ಅವರ ಜೊತೆ ಕೂತು ಕಾದವರಿಗೆ ಮಂಜು ಕೂಡ ಒಂದು ಭರವಸೆಯಂತೆ ಕಾಣತೊಡಗುತ್ತದೆ. ಅಂದು ಸೈಮಾ ಎಷ್ಟು ಖಾತ್ರಿ ಎಂದು ಕೇಳಿದಾಗ, ಲ್ಯೆನ್ ಅಜ್ಜಿ ಕೂಡ ಸೌಟು ನಿಲ್ಲಿಸಿ ಕಿವಿಗೊಟ್ಟಿರಲು, ಮೇಚಿನ್ ಅಕ್ಕ ಗಾಜನ್ನು ಮತ್ತೊಮ್ಮೆ ತೋಳಿನಿಂದ ಒರೆಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಗಟ್ಟಿಯಾಗಿಯೇ ಹೇಳಿದ್ದರು:

"ನೂರಕ್ಕೆ ನಲವತ್ತು."